ಹಲ್ಲು ಎಣಿಸಿ, ಆಮೇಲೆ ಹಣ ಎಣಿಸಿ

ಪಿಕಪ್‌ನ ಹಿಂದಿನ ಎಕ್ಸಲ್ ನಡುವೆ ಇರುವ ಗುಂಡನೆಯ ಡಿಫರೆನ್ಶಿಯಲ್ ಹೌಸಿಂಗ್‌ನ ಕೆಳಗಿನ ಬಿರಡೆ ಸಡಿಲಿಸಿದರೆ ದಪ್ಪನೆಯ ಕಂದು ಎಣ್ಣೆ ಇಳಿಯಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆಯ ಪೂರ ಇಳಿದ ಮೇಲೆ ಜುಗೂಳದ ನಮ್ಮ ಓಣಿಯಲ್ಲಿ ಇಳಿದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ್ದು. ಎಣ್ಣೆಯಲ್ಲಿ ನೀರು ಸೇರಿ ಕಡೆದಂತಾಗಿತ್ತು. ಕೆಲವರು ಅಂದೇ ಎಣ್ಣೆ ಬದಲಿಸಿದರು, ಅವರ ಗಾಡಿಗಳು ಬದುಕಿದವು. ಕೆಲವರು ಮನೆಯ ಕೆಸರು ಬಳಿಯುವುದರಲ್ಲೇ ಇದ್ದರು, ಗಾಡಿಯ ಹೊಟ್ಟೆಯ ನೆನಪು ಅವರಿಗೆ ಬರಲಿಲ್ಲ. ನಾನು ಆ ಎರಡನೆಯವರಲ್ಲಿ ಒಬ್ಬ. ದೀಪಾವಳಿ ಕಳೆದು ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ನನ್ನ ಪಿಕಪ್ ಹಿಂದಿನಿಂದ ಗುಂಯ್ ಎನ್ನತೊಡಗಿತು. ಬೇರಿಂಗಿಗೆ ತುಕ್ಕು ಹಿಡಿದು, ಅದರ ಬೆನ್ನಿಗೆ ಕ್ರೌನ್-ಪಿನಿಯನ್ ಹಲ್ಲು ಸವೆದಿದ್ದವು.

ಆಗ ಪೇಟೆಯ ಒಂದು ಅಂಗಡಿಯಲ್ಲಿ ಹಳೆಯ ಸೆಟ್ ಒಂದನ್ನು ಹಾಕಿಸಿದೆ. ಗಾಡಿ ಓಡಿತು, ಸದ್ದು ನಿಂತಿತು. ತಿಂಗಳು ಕಳೆದ ಮೇಲೆ ಒಂದು ವಿಚಿತ್ರ ಕಂಡಿತು. ನಾನು ತರಕಾರಿ ಹೇರಿಕೊಂಡು ವಾರಕ್ಕೆರಡು ಸಲ ಹೋಗಿಬರುವ ದಾರಿ ಒಟ್ಟು 50 ಕಿ.ಮೀ.; ಮೀಟರಿನಲ್ಲಿ ಅದು 60ರ ಹತ್ತಿರ ತೋರಿಸುತ್ತಿತ್ತು. ದಾರಿ ಅದೇ, ಗಾಡಿ ಅದೇ, ಮೀಟರಿನಲ್ಲಿ ಮಾತ್ರ ಊರು ದೂರವಾಗಿತ್ತು.

‘ಮೀಟರ್ ಕೆಟ್ಟೈತೇನ್ರಿ ಮಿಸ್ತ್ರಿ?’ ಎಂದು ಊರಿನ ಮಿಸ್ತ್ರಿಯನ್ನು ಕೇಳಿದೆ.

‘ಮೀಟರಿಗೇನೂ ಆಗಿಲ್ರೀ ಅಣ್ಣಾರ. ಹಿಂದಿನ ಹಲ್ಲಿನ ಲೆಕ್ಕಾನ ಬದಲ ಆಗೈತಿ. ಬರ್ರಿ, ಎಣಿಸಿ ನೋಡೂಣು.’

ಎಣಿಸಿದೆವು. ಕಂಪನಿ ಕೊಟ್ಟ ರೇಶಿಯೊ 4.10, ಅಂಗಡಿಯವರು ಕೂರಿಸಿದ್ದು 4.88. ನನಗೆ ಹೇಳದೆ, ಬಹುಶಃ ಅವರಿಗೂ ಗೊತ್ತಿಲ್ಲದೆ, ನನ್ನ ಗಾಡಿಯ ಸ್ವಭಾವವೇ ಬದಲಾಗಿತ್ತು. ಹೊಲದಲ್ಲಿ ಅದು ಮೊದಲಿಗಿಂತ ಚೆನ್ನಾಗಿ ಎಳೆಯುತ್ತಿತ್ತು, ಹೆದ್ದಾರಿಗೆ ಬಂದರೆ ಎಂಜಿನ್ ಚೀರುತ್ತಿತ್ತು. ಈ ರೇಶಿಯೊ ಅಂದರೇನು, ಯಾರಿಗೆ ಯಾವುದು ಬೇಕು, ಬದಲಿಸುವುದಾದರೆ ಹೇಗೆ ಎಂದು ಅಂದಿನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಪಿಕಪ್ ಮಾಲೀಕರಲ್ಲಿ ಒಮ್ಮೆಯಾದರೂ ಡಿಫರೆನ್ಶಿಯಲ್ ಬಿಚ್ಚಿಸದವರು ಕಡಿಮೆ. ಹೇಗೂ ಬಿಚ್ಚಿದ ದಿನವೇ ಈ ಲೆಕ್ಕ ಹಾಕಲು ಸರಿಯಾದ ದಿನ.

ಎಂಜಿನ್‌ನಿಂದ ಗೇರ್‌ಬಾಕ್ಸ್, ಅಲ್ಲಿಂದ ಉದ್ದನೆಯ ಪ್ರೊಪೆಲರ್ ಶಾಫ್ಟ್, ಅದರ ತುದಿಗೆ ಚಿಕ್ಕ ಪಿನಿಯನ್. ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ, ಕ್ರೌನ್ ಚಕ್ರಗಳನ್ನು ತಿರುಗಿಸುತ್ತದೆ. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಬರುವುದೇ ರೇಶಿಯೊ. 41 ಹಲ್ಲಿನ ಕ್ರೌನ್, 10 ಹಲ್ಲಿನ ಪಿನಿಯನ್ ಇದ್ದರೆ 4.10. 39ಕ್ಕೆ 8 ಇದ್ದರೆ 4.88. ಲಾರಿ ಮಿಸ್ತ್ರಿಗಳು ದಶಾಂಶದ ಗೊಡವೆಗೇ ಹೋಗುವುದಿಲ್ಲ, ನೇರವಾಗಿ ‘ಏಳು-ನಲವತ್ತೊಂದು’ ಎನ್ನುತ್ತಾರೆ. ಅದೇ ಒಳ್ಳೆಯ ರೂಢಿ, ಏಕೆಂದರೆ ಬಿಡಿಭಾಗದ ಡಬ್ಬಿಯ ಮೇಲೆ ಅಚ್ಚಾಗಿರುವುದೂ ಹಾಗೆಯೇ. ಈ ಸಂಖ್ಯೆಗಳು ಹೀಗೆ ಅಡ್ಡಾದಿಡ್ಡಿಯಾಗಿ ಇರುವುದಕ್ಕೂ ಕಾರಣವಿದೆ. 40ಕ್ಕೆ 10 ಇಟ್ಟರೆ ಪಿನಿಯನ್ನಿನ ಒಂದು ಹಲ್ಲು ಸದಾ ಕ್ರೌನಿನ ಅವೇ ನಾಲ್ಕು ಹಲ್ಲುಗಳನ್ನು ಕಚ್ಚುತ್ತದೆ. 41ಕ್ಕೆ 10 ಇಟ್ಟರೆ ಪ್ರತಿ ಹಲ್ಲೂ ಸರದಿಯಂತೆ ಪ್ರತಿ ಹಲ್ಲನ್ನು ಮುಟ್ಟುತ್ತದೆ, ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. 4.10ರಿಂದ 4.88ಕ್ಕೆ ಹೋದರೆ ಚಕ್ರಕ್ಕೆ ಸಿಗುವ ಬಲ ಶೇ. 19ರಷ್ಟು ಏರುತ್ತದೆ, ಅದೇ ವೇಗಕ್ಕೆ ಎಂಜಿನ್ ಶೇ. 19ರಷ್ಟು ಹೆಚ್ಚು ಸುತ್ತಬೇಕಾಗುತ್ತದೆ. ಎಂಜಿನ್ನಿನ ಶಕ್ತಿಯೇನೂ ಹೆಚ್ಚುವುದಿಲ್ಲ. ಅದೇ ಭಾರವನ್ನು ಜೋಡಿ ರಾಟೆಯಿಂದ ಎತ್ತುವಾಗ ಹಗ್ಗ ಉದ್ದ ಎಳೆಯಬೇಕಾದರೂ ಕೈಗೆ ಹಗುರವಾಗುತ್ತದಲ್ಲ, ಹಾಗೆ.

ಇದು ಹೊಸ ವಿಚಾರವಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ರೇಶಿಯೊ 4.88. ಯುದ್ಧ ಮುಗಿದು 1945ರಲ್ಲಿ ಅದೇ ಕಂಪನಿ ರೈತರಿಗಾಗಿ ಸಿಜೆ-2ಎ ಜೀಪು ತಂದಾಗ ಅದನ್ನು 5.38ಕ್ಕೆ ಏರಿಸಿದರು, ಅಂದರೆ 43 ಹಲ್ಲಿಗೆ 8. ಸೈನಿಕನಿಗೆ ದಾರಿ ಓಡಿಸುವುದು ಮುಖ್ಯವಾಗಿತ್ತು, ರೈತನಿಗೆ ನೇಗಿಲು ಎಳೆಸುವುದು. ಮಹೀಂದ್ರದವರು 1947ರ ಸುಮಾರಿಗೆ ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಇದೇ ವಿಲ್ಲಿಸ್ ಜೀಪುಗಳನ್ನು. ಹಳೆಯ ಜೀಪು ಇಟ್ಟುಕೊಂಡವರು ಇಂದಿಗೂ 4.88 ಬೇಕೋ 5.38 ಬೇಕೋ ಎಂದು ಚರ್ಚಿಸುವುದನ್ನು ನೀವು ಕೇಳಿರಬಹುದು. ಆ ಚರ್ಚೆಯ ಬೇರು ಅಲ್ಲಿದೆ.

ಈಗ ನಿಮ್ಮ ಗಾಡಿಯದು ಎಷ್ಟು ಎಂದು ಎಣಿಸೋಣ. ಇದಕ್ಕೆ ಏನನ್ನೂ ಬಿಚ್ಚಬೇಕಿಲ್ಲ. ಗಾಡಿಯನ್ನು ಸಮತಟ್ಟು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕ್‌ನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬೇಡಿ. ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಬಿಡಿ. ಟೈರಿಗೊಂದು, ಪ್ರೊಪೆಲರ್ ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ನಿಧಾನವಾಗಿ 20 ಸುತ್ತು ತಿರುಗಿಸಿ, ಮತ್ತೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದು ಚಕ್ರ ನೆಲದಲ್ಲೇ ನಿಂತಿರುವುದರಿಂದ, ಎತ್ತಿದ ಚಕ್ರದ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಆದ್ದರಿಂದ 20 ಸುತ್ತಿಗೆ ಶಾಫ್ಟ್ 41 ಸಲ ತಿರುಗಿದರೆ ನಿಮ್ಮದು 4.10. ಸುಮಾರು 49 ಬಂದರೆ 4.88. ನಮ್ಮ ಮಿಸ್ತ್ರಿ ಅಂದು ಮಾಡಿದ್ದು ಇದೇ. ನಾನು ಚಕ್ರ ತಿರುಗಿಸಿದೆ, ಅವರು ಕೆಳಗೆ ಕೂತು ಎಣಿಸಿದರು. ನಲವತ್ತೊಂದು ದಾಟಿ ಎಣಿಕೆ ಮುಂದೆ ಹೋದಂತೆ ನನ್ನ ಕೈ ತಾನಾಗಿ ನಿಧಾನವಾಯಿತು.

ಹಳೆಯ ಸೆಟ್ ಕೊಳ್ಳುವವರು ಅಂಗಡಿಯಲ್ಲೇ ಕೂತು ಎರಡರ ಹಲ್ಲೂ ಎಣಿಸಲಿ. ಅಂಗಡಿಯವರು ಬೇಸರಿಸಿದರೂ ಎಣಿಸಿ. ಎರಡು ನಿಮಿಷದ ಕೆಲಸ.

ಟೈರಿನ ಲೆಕ್ಕ ಇದಕ್ಕೆ ಸೇರಿಕೊಳ್ಳದಿದ್ದರೆ ಎಲ್ಲ ಹುಸಿಯಾಗುತ್ತದೆ. 215/75 ಆರ್15 ಟೈರಿನ ಎತ್ತರ ಸುಮಾರು 703 ಮಿಲಿಮೀಟರ್, ಒಂದು ಸುತ್ತಿಗೆ ಅದು 2.21 ಮೀಟರ್ ಹೋಗುತ್ತದೆ. ಅಂದರೆ ಕಿಲೋಮೀಟರಿಗೆ 452 ಸುತ್ತು. 60ರ ವೇಗದಲ್ಲಿ ಗಾಡಿ ನಿಮಿಷಕ್ಕೆ ಸರಿಯಾಗಿ ಒಂದು ಕಿಲೋಮೀಟರ್ ಹೋಗುತ್ತದೆ, ಆದ್ದರಿಂದ ಈ 452ನ್ನು ರೇಶಿಯೊದಿಂದ ಗುಣಿಸಿದರೆ 60ರಲ್ಲಿ ಶಾಫ್ಟ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂಬುದು ಸಿಕ್ಕಿಬಿಡುತ್ತದೆ. 4.10ಕ್ಕೆ ಸುಮಾರು 1850, 4.88ಕ್ಕೆ ಸುಮಾರು 2200. ಐದನೇ ಗೇರ್ 0.8 ಇದೆ ಎಂದುಕೊಳ್ಳಿ, ಎಂಜಿನ್ ಸುತ್ತು ಕ್ರಮವಾಗಿ 1480 ಮತ್ತು 1765. ವೇಗ 80ಕ್ಕೆ ಏರಿದರೆ 1980 ಮತ್ತು 2350.

ಈ ಸಂಖ್ಯೆಗಳನ್ನು ಎಂಜಿನ್ನಿನ ಪಕ್ಕ ಇಟ್ಟು ನೋಡಿ. ನಮ್ಮ ಕಡೆ ಹೆಚ್ಚು ಓಡುವ ಎರಡೂವರೆ ಲೀಟರಿನ ಡೀಸೆಲ್ ಪಿಕಪ್ ಎಂಜಿನ್ ತನ್ನ ಪೂರ್ತಿ ಎಳೆತ ಕೊಡುವುದು ಸುಮಾರು 1400ರಿಂದ 2200 ಸುತ್ತಿನ ನಡುವೆ. 60ರಲ್ಲಿ ಹೋಗುವವನಿಗೆ 4.10 ಆ ಪಟ್ಟಿಯ ಕೆಳಗಂಚಿನಲ್ಲಿದೆ, ಸಣ್ಣ ಏರು ಬಂದರೂ ಗೇರ್ ಇಳಿಸಬೇಕು. 4.88 ಪಟ್ಟಿಯ ನಟ್ಟನಡುವೆ ಇದೆ. 80ರಲ್ಲಿ ಹೋಗುವವನಿಗೆ ತಿರುಗುಮುರುಗು: 4.10 ಹಿತವಾಗಿದೆ, 4.88 ಪಟ್ಟಿ ದಾಟಿ ಡೀಸೆಲ್ ಸುಡುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಟಾರ್ಕ್ ಎಂಬ ಪದದ ಮುಂದೆ ಈ ಪಟ್ಟಿ ಬರೆದಿರುತ್ತದೆ, ಗೇರುಗಳ ಲೆಕ್ಕವೂ ಇರುತ್ತದೆ. ನೀವು ದಿನಾ ಎಷ್ಟು ವೇಗದಲ್ಲಿ ಹೋಗುತ್ತೀರಿ ಎಂಬುದನ್ನು ಮಾತ್ರ ಯಾವ ಪುಸ್ತಕವೂ ಹೇಳದು. ಅದನ್ನು ನೀವೇ ಪ್ರಾಮಾಣಿಕವಾಗಿ ಬರೆದುಕೊಳ್ಳಬೇಕು.

ಹೊಲದ ಲೆಕ್ಕ ಬೇರೆ. ಜುಗೂಳ, ಮಂಗಾವತಿ, ಶಹಾಪುರದ ನದಿದಂಡೆಯ ಎರೆ ಭೂಮಿ ಮಳೆಗೆ ಹೇಗಾಗುತ್ತದೆಂದು ನಮಗೆ ಗೊತ್ತು. ಚಕ್ಕಡಿ ದಾರಿಯಲ್ಲಿ ಕಬ್ಬಿನ ಬೀಜವನ್ನೋ ಮೇವನ್ನೋ ಹೇರಿಕೊಂಡು ಬರುವಾಗ ಚಾಲಕ ಕ್ಲಚ್ಚನ್ನು ಅರ್ಧ ಒತ್ತಿಯೇ ಇರುತ್ತಾನೆ. ಮೊದಲ ಗೇರ್ 4 ಇದ್ದು ಎಂಜಿನ್ 800 ಸುತ್ತಿನಲ್ಲಿ ಸುಮ್ಮನೆ ಓಡುತ್ತಿದ್ದರೆ, 4.10ರಲ್ಲಿ ಗಾಡಿ ಗಂಟೆಗೆ ಆರೂವರೆ ಕಿ.ಮೀ. ಹೋಗುತ್ತದೆ, 4.88ರಲ್ಲಿ ಐದೂವರೆಗಿಂತ ಚೂರು ಕಡಿಮೆ. ಮೇವು ಎಸೆಯುತ್ತ ಪಕ್ಕದಲ್ಲಿ ನಡೆಯುವ ಮನುಷ್ಯನ ವೇಗ ಸುಮಾರು ಐದು. 4.10ರ ಗಾಡಿಯಲ್ಲಿ ಆ ಒಂದೂವರೆ ಕಿಲೋಮೀಟರಿನ ಅಂತರವನ್ನು ಇಷ್ಟು ದಿನ ಕ್ಲಚ್ ಪ್ಲೇಟ್ ಸವೆದು ತುಂಬಿಸುತ್ತಿತ್ತು. ಪದೇಪದೇ ಕ್ಲಚ್ ಪ್ಲೇಟ್ ಹಾಕಿಸುವವರು ಡಿಫರೆನ್ಶಿಯಲ್ ಕಡೆ ಒಮ್ಮೆ ನೋಡಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಯಾರು ಬದಲಿಸಬೇಕು? ನನ್ನ ಮಟ್ಟಿಗೆ, ಹೆಚ್ಚಿನವರು ಬದಲಿಸಬೇಕಿಲ್ಲ. ಮೊದಲು ಟೈರ್ ನೋಡಿ. ಮಾಲೀಕ ಚಂದಕ್ಕೆಂದು 215ರ ಬದಲು 235/75 ಆರ್15 ಹಾಕಿಸಿದ್ದರೆ ಚಕ್ರ ಶೇ. 4ಕ್ಕಿಂತ ತುಸು ಹೆಚ್ಚು ಎತ್ತರವಾಗಿದೆ, 4.10 ಇದ್ದದ್ದು 3.93ರಂತೆ ನಡೆಯುತ್ತಿದೆ. ಅಂಥ ಗಾಡಿ ಎಳೆಯುತ್ತಿಲ್ಲ ಎಂದರೆ ಹಳೆಯ ಅಳತೆಯ ಟೈರಿಗೆ ಮರಳುವುದು ಸಾಕು. ಇನ್ನು ಇಂಜೆಕ್ಟರ್, ಏರ್ ಫಿಲ್ಟರ್, ಟರ್ಬೊ ಪೈಪು, ಬ್ರೇಕ್ ಹಿಡಿದುಕೊಂಡಿರುವುದು. ಇವುಗಳಲ್ಲಿ ಯಾವುದು ಕೆಟ್ಟರೂ ಗಾಡಿ ಮೊದಲಿನಂತೆ ಎಳೆಯುವುದಿಲ್ಲ. ಗಾಡಿ ಮೊದಲು ಎಳೆಯುತ್ತಿದ್ದು ಈಗ ಎಳೆಯುತ್ತಿಲ್ಲವಾದರೆ ದೋಷ ರೇಶಿಯೊದಲ್ಲಿ ಇಲ್ಲ, ಏಕೆಂದರೆ ಹಲ್ಲಿನ ಲೆಕ್ಕ ತಾನಾಗಿ ಬದಲಾಗದು. ಕೊಂಡ ದಿನದಿಂದಲೂ ಎಳೆಯುತ್ತಿಲ್ಲ, ಓಟದ ಮುಕ್ಕಾಲು ಪಾಲು ಹೊಲ, ಕೆಸರು, ಘಾಟಿನಲ್ಲೇ ಎನ್ನುವವರಿಗೆ ಬದಲಾವಣೆ ಅರ್ಥಪೂರ್ಣ. ನಿಪ್ಪಾಣಿಯಿಂದ ಅಂಬೋಲಿ ಘಾಟ್ ಇಳಿದು ಕೊಂಕಣಕ್ಕೆ ತರಕಾರಿ ಒಯ್ಯುವವರಿಗೂ ಒಂದು ಲಾಭ ಇದೆ. ಇಳಿಜಾರಿನಲ್ಲಿ ದೊಡ್ಡ ರೇಶಿಯೊದ ಗಾಡಿಯನ್ನು ಎಂಜಿನ್ ಹೆಚ್ಚು ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ, ಬ್ರೇಕ್ ಕಾಯುವುದು ಕಡಿಮೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಬೇಕು. ರೇಶಿಯೊ ಏರಿಸಿದರೆ ಹೆಚ್ಚು ಭಾರ ಹೇರಬಹುದು ಎಂದು ಬಹಳ ಜನ ನಂಬಿದ್ದಾರೆ. ಗಾಡಿ ಎಳೆಯುತ್ತದೆ, ನಿಜ. ಪಾಟಾ, ಎಕ್ಸಲ್, ಬ್ರೇಕ್, ಟೈರ್ ಅವೇ ಹಳೆಯವು. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ. ದಂಡಕ್ಕಿಂತ ದೊಡ್ಡದು, ನಿಲ್ಲದ ಗಾಡಿ. ಅದೇ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಆದ್ದರಿಂದ ನಿಮ್ಮದೇ ಮಾದರಿಗೆ ಕಂಪನಿಯೇ ಬೇರೆ ಬೇರೆ ಭಾರದ ಗಾಡಿಗಳಲ್ಲಿ ಕೊಟ್ಟಿರುವ ರೇಶಿಯೊಗಳ ಒಳಗೆಯೇ ಆರಿಸಿ, ಪಾಸಿಂಗ್‌ಗೆ ಹೋಗುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ವಾರಂಟಿ ಇರುವ ಗಾಡಿಯನ್ನು ಮುಟ್ಟಲೇಬೇಡಿ.

ಮೀಟರಿನ ಮಾತು ನನ್ನ ಕಥೆಯಲ್ಲಿ ಬಂದಿದೆ. ವೇಗ ಅಳೆಯುವ ಸೆನ್ಸರ್ ಗೇರ್‌ಬಾಕ್ಸಿನ ಹಿಂಬದಿಯಲ್ಲಿದ್ದರೆ ಹಲ್ಲು ಬದಲಾದ ಕೂಡಲೇ ವೇಗವೂ ದೂರವೂ ತಪ್ಪಾಗುತ್ತವೆ. ಸೆನ್ಸರ್ ಚಕ್ರದಲ್ಲಿದ್ದರೆ ತೊಂದರೆಯಿಲ್ಲ. ಮೊದಲ ಬಗೆಯ ಗಾಡಿಗೆ 4.10 ಬದಲು 4.88 ಹಾಕಿದರೆ, ಮೀಟರ್ 80 ತೋರಿಸುವಾಗ ನಿಜವಾದ ವೇಗ 67ರ ಆಸುಪಾಸು, ಹಾಗಾಗಿ ಸ್ಪೀಡ್ ಗವರ್ನರ್ ಕೂಡ ಬೇಗನೆ ಹಿಡಿಯುತ್ತದೆ. ಎಣ್ಣೆ ಬದಲಿಸುವ ಕಿಲೋಮೀಟರ್, ಬಾಡಿಗೆಯ ಕಿಲೋಮೀಟರ್, ಗಾಡಿ ಮಾರುವಾಗ ಹೇಳುವ ಕಿಲೋಮೀಟರ್ ಎಲ್ಲ ಹುಸಿ. ಹೊಸ ಗಾಡಿಗಳಲ್ಲಿ ಕಂಪ್ಯೂಟರಿನಲ್ಲಿ ಸರಿಪಡಿಸಬಹುದೋ ಎಂದು ಸರ್ವಿಸ್ ಸೆಂಟರಿನಲ್ಲಿ ಮೊದಲೇ ವಿಚಾರಿಸಿ. ಹಳೆಯ ಕೇಬಲ್ ಮೀಟರಿನ ಗಾಡಿಗಳಲ್ಲಿ ಕೇಬಲ್ ತುದಿಯ ಪುಟ್ಟ ಗೇರ್ ಬದಲಿಸಿದರಾಯಿತು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯಾದರೆ ಮುಂದಿನ ಎಕ್ಸಲ್‌ಗೂ ಅದೇ ರೇಶಿಯೊ ಹಾಕಲೇಬೇಕು. ಇಲ್ಲವಾದರೆ ಮುಂದೆ ಹಿಂದೆ ಚಕ್ರಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ.

ಕೊಳ್ಳುವಾಗ: ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಹುಟ್ಟುತ್ತವೆ. ಕಾರ್ಖಾನೆಯಲ್ಲಿ ಎರಡನ್ನೂ ಒಂದಕ್ಕೊಂದು ಉಜ್ಜಿಸಿ ಹೊಂದಿಸಿ ಎರಡರ ಮೇಲೂ ಒಂದೇ ನಂಬರ್ ಹೊಡೆದಿರುತ್ತಾರೆ. ನಂಬರ್ ಬೇರೆಯಾಗಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಕೆಲವು ಎಕ್ಸಲ್‌ಗಳಲ್ಲಿ ಒಂದು ಮಿತಿ ದಾಟಿದರೆ ಕ್ರೌನ್ ಕೂರುವ ಕೇಸ್ ಕೂಡ ಬದಲಿಸಬೇಕಾಗುತ್ತದೆ. ಜೀಪುಗಳಲ್ಲಿ ಬರುವ ಡಾನಾ 44 ಎಕ್ಸಲ್‌ನಲ್ಲಿ 3.73ರವರೆಗೆ ಒಂದು ಕೇಸ್, 3.92ರಿಂದ ಮೇಲೆ ಬೇರೊಂದು. ಮಿರಜ್, ಸಾಂಗ್ಲಿ, ಇಚಲಕರಂಜಿ, ಕೊಲ್ಹಾಪುರದ ಅಂಗಡಿಗಳಲ್ಲಿ ಸೆಟ್ ಸಿಗುತ್ತದೆ, ಆದರೆ ಬರೀ ಸೆಟ್ ತಂದರೆ ಸಾಲದು. ಪಿನಿಯನ್ ಬೇರಿಂಗ್ ಎರಡು, ಕೇಸಿನ ಬೇರಿಂಗ್ ಎರಡು, ಆಯಿಲ್ ಸೀಲ್, ಶಿಮ್ ಪಾಕೀಟು, ಹೊಸ ಪಿನಿಯನ್ ನಟ್, ಕ್ರೌನ್ ಬೋಲ್ಟ್, ಕುಗ್ಗುವ ಸ್ಪೇಸರ್ ಇರುವ ಬಗೆಯಾದರೆ ಹೊಸ ಸ್ಪೇಸರ್. ಪೂರದ ನೀರು ಕುಡಿದ ಹೌಸಿಂಗ್‌ಗೆ ಹಳೆಯ ಬೇರಿಂಗ್ ಮರಳಿ ಹಾಕುವುದು ಹಣವನ್ನು ಹೊಳೆಗೆ ಹಾಕಿದಂತೆ.

ಇನ್ನು ಗ್ಯಾರೇಜಿನ ಕೆಲಸ. ಇದನ್ನು ಮನೆಯಲ್ಲಿ ಮಾಡಿರೆಂದು ನಾನು ಹೇಳುವುದಿಲ್ಲ. ಪಾನಾ ಹಿಡಿಯಲು ಬಂದವರೆಲ್ಲ ಹಲ್ಲು ಬಿಚ್ಚಬಲ್ಲರು, ಕೂರಿಸಬಲ್ಲವರು ಕೆಲವರೇ. ಆದರೆ ಎದುರಿಗೆ ಕೂತು ನೋಡಿ. ಏನು ನೋಡಬೇಕೆಂದು ಗೊತ್ತಿದ್ದರೆ ಮಿಸ್ತ್ರಿಯೂ ಮನಸ್ಸಿಟ್ಟು ಮಾಡುತ್ತಾರೆ.

ಮೊದಲ ಪ್ರಶ್ನೆ, ಡಯಲ್ ಗೇಜ್ ಇದೆಯೇ? ಇಲ್ಲ ಎಂದರೆ ಗಾಡಿ ತಿರುಗಿಸಿ. ಕ್ರೌನ್ ಮತ್ತು ಪಿನಿಯನ್ ನಡುವೆ ಇರಬೇಕಾದ ಸಡಿಲಿಕೆ, ಮಿಸ್ತ್ರಿಗಳ ಮಾತಿನಲ್ಲಿ ‘ಪ್ಲೇ’, ಹೆಚ್ಚಿನ ಪಿಕಪ್‌ಗಳಲ್ಲಿ 0.15ರಿಂದ 0.20 ಮಿ.ಮೀ. ಆಸುಪಾಸು, ನಿಮ್ಮ ಗಾಡಿಯ ನಿಖರ ಅಳತೆ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಕೂದಲೆಳೆಯಷ್ಟರ ಎರಡು ಪಟ್ಟು ಅಷ್ಟೇ. ಅದನ್ನು ಬೆರಳಿನಲ್ಲಿ ಅಲ್ಲಾಡಿಸಿ ಅಳೆಯುತ್ತೇನೆ ಎನ್ನುವವರು ಅನುಭವಿಗಳೇ ಇರಬಹುದು, ಹೊಸ ಸೆಟ್ಟನ್ನು ಮಾತ್ರ ಅವರ ಬೆರಳಿಗೆ ಒಪ್ಪಿಸಲಾಗದು.

ಪಿನಿಯನ್ ಬೇರಿಂಗಿನ ಬಿಗಿತವನ್ನು ನೋಡುವ ಉಪಾಯ ನನಗೆ ಬಹಳ ಹಿಡಿಸಿತು. ನಮ್ಮ ಮಿಸ್ತ್ರಿ ಪಿನಿಯನ್ನಿನ ಫ್ಲ್ಯಾಂಜಿಗೆ ಗಟ್ಟಿ ದಾರ ಸುತ್ತಿ, ತುದಿಯನ್ನು ಕೊಕ್ಕೆ ತಕ್ಕಡಿಗೆ ಕಟ್ಟಿ ಎಳೆದರು. ಹೊಸ ಬೇರಿಂಗಿಗೆ ಸಾಮಾನ್ಯವಾಗಿ 2ರಿಂದ 4 ನ್ಯೂಟನ್ ಮೀಟರ್ ಬೇಕು. ಫ್ಲ್ಯಾಂಜಿನ ನಡುವಿನಿಂದ ದಾರಕ್ಕೆ 5 ಸೆಂಟಿಮೀಟರ್ ಇದ್ದರೆ, ಪಿನಿಯನ್ ಸುತ್ತುತ್ತಿರುವಾಗ ತಕ್ಕಡಿಯ ಮುಳ್ಳು 4ರಿಂದ 8 ಕಿಲೋ ನಡುವೆ ನಿಲ್ಲಬೇಕು. ಇದನ್ನು ಕ್ರೌನ್ ಕೂರಿಸುವ ಮೊದಲೇ ನೋಡಬೇಕು. ಕುಗ್ಗುವ ಸ್ಪೇಸರ್ ಇರುವಲ್ಲಿ ನಟ್ ಅತಿಯಾಗಿ ಬಿಗಿಯಾದರೆ ಹಿಂದಕ್ಕೆ ಸಡಿಲಿಸಿ ಸರಿಮಾಡುವಂತಿಲ್ಲ, ಹೊಸ ಸ್ಪೇಸರ್ ಹಾಕಿ ಮೊದಲಿನಿಂದ ಶುರುಮಾಡಬೇಕು. ಈ ಹಂತದಲ್ಲಿ ಅವಸರ ಮಾಡಿಸಬೇಡಿ.

ಆಮೇಲೆ ಸಿಂಧೂರ. ಹೌದು, ಮಾರುತಿಗೆ ಹಚ್ಚುವ ಸಿಂಧೂರವನ್ನೇ ಎಣ್ಣೆಯಲ್ಲಿ ಕಲಸಿ ಕ್ರೌನಿನ ನಾಲ್ಕೈದು ಹಲ್ಲಿಗೆ ತೆಳುವಾಗಿ ಬಳಿದರು. ಅದರಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಕ್ರೌನಿಗೆ ಕಟ್ಟಿಗೆಯ ಅಡ್ಡ ಕೊಟ್ಟು ಕೊಂಚ ತಡೆಯೊಡ್ಡಿ ಪಿನಿಯನ್ನನ್ನು ಎರಡೂ ಕಡೆ ತಿರುಗಿಸಿದರೆ, ಹಲ್ಲು ಹಲ್ಲಿಗೆ ತಾಗಿದ ಕಡೆ ಬಣ್ಣ ಒರೆಸಿಹೋಗಿ ಲೋಹ ಮಿನುಗುತ್ತದೆ. ಆ ಗುರುತು ಹಲ್ಲಿನ ಎತ್ತರದ ನಡುಭಾಗದಲ್ಲಿ, ಅಂಚುಗಳನ್ನು ಮುಟ್ಟದೆ, ಬಾದಾಮಿಯಂತೆ ನೀಳವಾಗಿ ಬೀಳಬೇಕು. ಮೊದಲ ಸಲ ನಮ್ಮದರಲ್ಲಿ ಗುರುತು ಹಲ್ಲಿನ ಮೇಲಂಚಿಗೆ ಬಿತ್ತು. ‘ಪಿನಿಯನ್ ದೂರ ಐತ್ರಿ’ ಎಂದರು. ಮತ್ತೆ ಎಲ್ಲ ಬಿಚ್ಚಿ, ಬೇರಿಂಗ್ ಪೂಲರ್‌ನಿಂದ ಎಳೆದು, ಪಿನಿಯನ್ ತಲೆಯ ಹಿಂದೆ ದಪ್ಪ ಶಿಮ್ ಕೊಟ್ಟರು. ಎರಡನೆಯ ಸಲ ಗುರುತು ಬುಡಕ್ಕೆ ಇಳಿಯಿತು, ಅಂದರೆ ಅತಿ ಹತ್ತಿರ. ಮೂರನೆಯ ಸಲ ನಡುವಿಗೆ ಬಂತು. ಮಧ್ಯಾಹ್ನ ಶುರುವಾದ ಕೆಲಸ, ದೀಪ ಹಚ್ಚುವ ಹೊತ್ತಾಗಿತ್ತು. ಅವರು ಆ ಹಲ್ಲನ್ನು ಟಾರ್ಚಿನ ಬೆಳಕಿಗೆ ಹಿಡಿದು ನನಗೆ ತೋರಿಸಿದಾಗ, ಕೊಟ್ಟ ಮಜೂರಿ ಯಾವುದಕ್ಕೆ ಎಂದು ತಿಳಿಯಿತು. ಗುರುತು ಒಳತುದಿಗೋ ಹೊರತುದಿಗೋ ಸರಿದಿದ್ದರೆ ಕೇಸನ್ನು ಪಕ್ಕಕ್ಕೆ ಸರಿಸಿ ಪ್ಲೇ ತಿದ್ದುತ್ತಾರೆ. ಕ್ರೌನ್ ಪಿನಿಯನ್‌ನಿಂದ ದೂರ ಹೋದರೆ ಪ್ಲೇ ಹೆಚ್ಚುತ್ತದೆ, ಹತ್ತಿರ ಬಂದರೆ ಇಳಿಯುತ್ತದೆ. ಬೇಕಾದರೆ ಆ ಹಲ್ಲಿನ ಫೋಟೊ ನಿಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೆ ಸದ್ದು ಬಂದರೆ ಮಾತಿಗೆ ಆಧಾರ.

ಕ್ರೌನನ್ನು ಕೇಸಿಗೆ ಸುತ್ತಿಗೆಯಿಂದ ಹೊಡೆದು ಕೂರಿಸುವುದನ್ನು ಕಂಡರೆ ತಡೆಯಿರಿ. ಬಿಸಿ ಎಣ್ಣೆಯಲ್ಲಿ ಕಾಯಿಸಿದರೆ ಅದು ತಾನಾಗಿ ಜಾರಿ ಕೂರುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಎಣ್ಣೆ ಕೈಪಿಡಿಯಲ್ಲಿ ಹೇಳಿದ ದಪ್ಪದ್ದೇ, ಜಿಎಲ್-5 ಎಂದು ಡಬ್ಬಿಯ ಮೇಲೆ ಬರೆದಿರುವಂಥದ್ದು. ಪಿಕಪ್‌ನ ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುವ ಹೈಪಾಯ್ಡ್ ಬಗೆಯದಾದ್ದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಸಾದಾ ಎಣ್ಣೆ ಆ ಒತ್ತಡಕ್ಕೆ ತಡೆಯದು. ಗಾಡಿ ಸಮತಟ್ಟಾಗಿ ನಿಂತಿರುವಾಗ ಮೇಲಿನ ಬಿರಡೆಯ ಅಂಚಿನಿಂದ ತುಳುಕುವವರೆಗೆ ತುಂಬಿದರೆ ಸಾಕು.

ಹೊಸ ಹಲ್ಲಿಗೆ ಪಳಗಲು ಸಮಯ ಕೊಡಿ. ಮೊದಲ ದಿನ ಖಾಲಿ ಗಾಡಿಯನ್ನು 25-30 ಕಿಲೋಮೀಟರ್ ನಿಧಾನವಾಗಿ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. ಮೊದಲ 800 ಕಿಲೋಮೀಟರ್ ತುಂಬಿದ ಭಾರವೂ ಬೇಡ, ಎಳೆತವೂ ಬೇಡ. ಹಂಗಾಮಿನ ನಡುವೆ ಇದು ಕಷ್ಟ ಎಂದು ಬಲ್ಲೆ, ಅದಕ್ಕೇ ಈ ಕೆಲಸವನ್ನು ಸಕ್ಕರೆ ಕಾರ್ಖಾನೆಗಳು ನಿಂತ ಮೇಲೆ ಬೇಸಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 800 ಆದ ಮೇಲೆ ಆ ಎಣ್ಣೆ ಚೆಲ್ಲಿ ಹೊಸದು ಹಾಕಿ. ಬಿರಡೆಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಲೇಪ ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಂದೇ ಮಿಸ್ತ್ರಿಯ ಬಳಿ ಹೋಗಿ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಗುಂಯ್ ಎಂದರೆ ಹಲ್ಲು ಹೊಂದಿಲ್ಲ. ಒತ್ತಿದರೂ ಬಿಟ್ಟರೂ ಗೊರಗೊರ ಎಂದರೆ ಬೇರಿಂಗ್. ಗೇರ್ ಹಾಕಿದಾಗ ‘ಠಣ್’ ಎಂದರೆ ಪ್ಲೇ ಹೆಚ್ಚಾಗಿದೆ, ಆದರೆ ಮೊದಲು ಶಾಫ್ಟಿನ ಕ್ರಾಸ್ ಜಾಯಿಂಟ್ ಪರೀಕ್ಷಿಸಿ, ಅದು ಅಗ್ಗದ ದೋಷ.

2021ರ ಜುಲೈನಲ್ಲಿ ಹೊಳೆ ಮತ್ತೆ ಏರಿದಾಗ ನಾನು ನೀರು ಇಳಿದ ಮರುದಿನವೇ ಡಿಫರೆನ್ಶಿಯಲ್ ಬಿಚ್ಚಿಸಿದೆ, ಮೇಲೆ ಹೇಳಿದ ಸಿಂಧೂರದ ಸಂಜೆ ಆಗಿನದೇ. ನನ್ನ ಓಟ ಹೆಚ್ಚಾಗಿ ಮಾರುಕಟ್ಟೆಯ ಡಾಂಬರಿನಲ್ಲಿ ಎಂದು ಬರೆದು ನೋಡಿಕೊಂಡು ಹಳೆಯ 41ಕ್ಕೆ 10ಕ್ಕೇ ಮರಳಿದೆ. ಚಿಕ್ಕಪ್ಪನ ಮಗನ ಗಾಡಿ ವರ್ಷವಿಡೀ ಹೊಲದಿಂದ ಹೊಲಕ್ಕೆ ಮೇವು, ಬೀಜದ ಕಬ್ಬು ಹೇರುತ್ತದೆ. ಅವನು 39ಕ್ಕೆ 8 ಹಾಕಿಸಿಕೊಂಡ. ಇಬ್ಬರೂ ಸುಖವಾಗಿದ್ದೇವೆ.

ಅಂದು ಮಿಸ್ತ್ರಿ ಇನ್ನೊಂದು ಸಣ್ಣ ಕೆಲಸ ಮಾಡಿಕೊಟ್ಟರು. ಹೌಸಿಂಗ್‌ನ ಮೇಲೆ ಬ್ರೀದರ್ ಎಂಬ ಪುಟ್ಟ ಉಸಿರುಗೊಳವೆ ಇರುತ್ತದೆ. ಓಡಿ ಕಾದ ಎಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೋ ಸೀಲಿನ ಸಂದಿಯಿಂದಲೋ ನೀರನ್ನು ಒಳಗೆ ಹೀರುತ್ತದೆ. ನೆರೆ ನೀರೇ ಆಗಬೇಕೆಂದಿಲ್ಲ, ಹಳ್ಳ ದಾಟುವುದೂ ಸಾಕು. ಅವರು ಆ ಬ್ರೀದರ್ ತೆಗೆದು ಅದರ ಜಾಗಕ್ಕೆ ಎಣ್ಣೆ ತಾಳುವ ರಬ್ಬರ್ ಕೊಳವೆ ಜೋಡಿಸಿ, ಚಾಸಿ ಮೇಲಿಂದ ಎಳೆದು ಸರಕಿನ ಡಬ್ಬಿಯ ಮೂಲೆಯವರೆಗೆ ಎತ್ತಿ ಕಟ್ಟಿ, ತುದಿಯನ್ನು ಕೆಳಮುಖವಾಗಿ ಬಾಗಿಸಿದರು. ಗಾಡಿಯನ್ನು ಮುಳುಗಿಸಬಹುದು ಎಂದಲ್ಲ. ಹೊಳೆಯಾಚೆಯ ಖಿದ್ರಾಪುರದ ಕಡೆಯ ದಂಡೆ ಮರೆಯಾಗುವಷ್ಟು ನೀರು ಏರಿದ ದಿನ ಗಾಡಿಯನ್ನು ಎತ್ತರದ ಜಾಗಕ್ಕೆ ಒಯ್ಯಲೇಬೇಕು. ಮೃಗಶಿರ ಮಳೆಗೆ ಮುಂಚೆ ಪ್ರತಿವರ್ಷ ಆ ಕೊಳವೆ ಬಿರುಕು ಬಿಟ್ಟಿದೆಯೇ, ತುದಿಯಲ್ಲಿ ಕಣಜ ಮಣ್ಣು ಕಟ್ಟಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ.